ಮೂಗು ಕಟ್ಟಿದರೆ ಮೇಲ್ದುಟಿಯನ್ನೂ ಎತ್ತಿ ನೋಡಿ

ಮಾನ್ಯರೇ,

ಮೂಗು ಕಟ್ಟಿದೆ ಎಂದೊಡನೆ ನೆಗಡಿ, ಅಲರ್ಜಿ, ಸೈನಸ್, ಸೊಟ್ಟಗಿರುವ ಮೂಳೆ ಎಂದು ಹುಡುಕಾಟ ಶುರುವಾಗುತ್ತದೆ. ಬಹುಪಾಲು ಕಾರಣ ಅಲ್ಲೇ ಸಿಗುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಒಂದೇ ಹೊಳ್ಳೆ ಕಟ್ಟಿಕೊಂಡು, ಅದೇ ಬದಿಯ ಹೊಳ್ಳೆಯ ಬುಡ ಉಬ್ಬಿದ್ದರೆ ನೇಸೋಲೇಬಿಯಲ್ ಸಿಸ್ಟ್, ಅಂದರೆ ಹೊಳ್ಳೆಯ ಬುಡ ಮತ್ತು ಮೇಲ್ದುಟಿಯ ನಡುವೆ ಬೆಳೆಯುವ ದ್ರವದ ಚೀಲ, ಇರಬಹುದು. ದವಡೆ ಭಾಗದ ಸಿಸ್ಟ್‌ಗಳಲ್ಲಿ ಇದರ ಪಾಲು ಶೇ 1ಕ್ಕಿಂತಲೂ ಕಡಿಮೆ. 30ರಿಂದ 50 ವರ್ಷದ ಹೆಂಗಸರಲ್ಲೇ ಹೆಚ್ಚು. ಇದು ಕ್ಯಾನ್ಸರ್ ಅಲ್ಲ. ಕಣ್ಣೀರು ಮೂಗಿಗಿಳಿಯುವ ನಾಳ ರೂಪುಗೊಳ್ಳುವಾಗ ಉಳಿದುಹೋದ ಜೀವಕೋಶಗಳಿಂದ ಹುಟ್ಟುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

ಈ ದ್ರವದ ಚೀಲ ಬೆಳೆಯುವುದು ಮೂಳೆಯೊಳಗಲ್ಲ, ಅದರ ಮೇಲಿನ ಮೆತ್ತನೆಯ ಭಾಗದಲ್ಲಿ. ಹಿಗ್ಗಿದಂತೆ ಹೊಳ್ಳೆಯ ನೆಲವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಗಾಳಿಯ ದಾರಿಯನ್ನು ಕಿರಿದು ಮಾಡುತ್ತದೆ. ಮೂಗಿನ ಹನಿಗಳು ಇಳಿಸುವುದು ಒಳಪೊರೆಯ ಊತವನ್ನು ಮಾತ್ರ. ಈ ಒತ್ತಡಕ್ಕೆ ಅವು ಏನೂ ಮಾಡಲಾರವು. ಸರಿಹೋಗಲಿಲ್ಲವೆಂದು ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಹನಿಗಳನ್ನು ವಾರಗಟ್ಟಲೆ ಹಾಕಿಕೊಂಡರೆ ಹನಿಯೇ ಮೂಗು ಕಟ್ಟಿಸುತ್ತದೆ. ಐದು ದಿನ ದಾಟಿಸಲೇಬೇಡಿ.

ಪತ್ತೆ ಶುರುವಾಗುವುದು ಬೆರಳಿನಿಂದಲೇ. ವೈದ್ಯರು ಗ್ಲೌಸ್ ಹಾಕಿದ ಒಂದು ಬೆರಳನ್ನು ಹೊಳ್ಳೆಯ ನೆಲದ ಮೇಲೆ, ಇನ್ನೊಂದನ್ನು ಮೇಲ್ದುಟಿಯ ಒಳಗೆ ವಸಡು-ತುಟಿ ಸೇರುವ ಸಂದಿನಲ್ಲಿಟ್ಟು ಒತ್ತುತ್ತಾರೆ. ನಡುವೆ ನೀರು ತುಂಬಿದ ಮೆತ್ತನೆಯ ಗಂಟು ಅಲುಗಿದರೆ ಗುಮಾನಿ ಬಲವಾಗುತ್ತದೆ. ಆ ಸಂದಿ ತುಂಬಿಕೊಂಡಿರುವುದು, ಮೂಗು-ಕೆನ್ನೆಯ ನಡುವಿನ ಗೆರೆ ಅಳಿಸಿದಂತಾಗಿರುವುದು ಕನ್ನಡಿಯಲ್ಲೂ ಕಾಣುತ್ತದೆ.

ಎಡವಟ್ಟಾಗುವುದು ಹಲ್ಲಿನ ವಿಷಯದಲ್ಲಿ. ಕೀವು ತುಂಬಿದಾಗ ನೋವು, ಊತ ಎರಡೂ ಥೇಟ್ ಹುಳುಕು ಹಲ್ಲಿನ ಬಾವಿನಂತೆಯೇ ಇರುವುದರಿಂದ ಗಟ್ಟಿಮುಟ್ಟಾದ ಹಲ್ಲಿಗೆ ರೂಟ್ ಕೆನಾಲ್ ಆಗಿಬಿಡುವ ಅಪಾಯವಿದೆ. ಅದಕ್ಕೂ ಮೊದಲು ತಣುಪು ಅಥವಾ ವಿದ್ಯುತ್ ಪರೀಕ್ಷೆಯಿಂದ ಹಲ್ಲಿನ ನರ ಜೀವಂತವಿದೆಯೇ ಎಂದು ನೋಡಲೇಬೇಕು. ಈ ಸಿಸ್ಟ್‌ನಲ್ಲಿ ಹಲ್ಲು ಸ್ಪಂದಿಸುತ್ತದೆ. ಹಲ್ಲಿನ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಏನೂ ಕಾಣದು, ಹಾಗೆಂದು ಏನೂ ಇಲ್ಲ ಎಂದಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಗಂಟಿನ ಅಂಚು ಮತ್ತು ಅದರ ಒತ್ತಡಕ್ಕೆ ಮೂಳೆ ಸವೆದು ಆದ ಗುಳಿ ಸ್ಪಷ್ಟವಾಗುತ್ತವೆ.

ಸೂಜಿಯಿಂದ ನೀರು ತೆಗೆಸಿದರೆ ಊತ ಇಳಿದಂತೆ ಕಂಡರೂ ಚೀಲದ ಗೋಡೆ ಒಳಗೇ ಉಳಿದು ಮತ್ತೆ ತುಂಬಿಕೊಳ್ಳುತ್ತದೆ. ತುಟಿಯ ಒಳಗಿನಿಂದ ಕೊಯ್ದು ಇಡೀ ಚೀಲ ಬಿಡಿಸುವುದು ಹಳೆಯ, ನೆಚ್ಚಿಕೆಯ ವಿಧಾನ. ಮುಖದ ಮೇಲೆ ಗಾಯದ ಗುರುತು ಉಳಿಯದು. ಚೀಲ ಮೂಗಿನ ಒಳಪೊರೆಗೆ ಅಂಟಿಕೊಂಡಿರುವುದರಿಂದ ಬಿಡಿಸುವಾಗ ಪೊರೆ ಹರಿಯಬಹುದು, ಹರಿದರೆ ಅಲ್ಲೇ ಹೊಲಿಯಬೇಕು. ತುಟಿ, ವಸಡು ಕೆಲಕಾಲ ಜೋಮು ಹಿಡಿದಂತಿರಬಹುದು ಎಂದು ರೋಗಿಗೆ ಮೊದಲೇ ಹೇಳುವುದು ಒಳ್ಳೆಯದು. ಎಂಡೋಸ್ಕೋಪ್‌ನಿಂದ ಮೂಗಿನೊಳಗೇ ಚೀಲದ ಮೇಲ್ಭಾಗವನ್ನು ಅಗಲವಾಗಿ ತೆರೆದಿಡುವುದು ಇನ್ನೊಂದು ದಾರಿ. ಇದರಲ್ಲಿ ನೋವು, ಊತ ಕಡಿಮೆ, ಆದರೆ ಚೀಲದ ತೆರೆದ ಬಾಯಿ ಮುಚ್ಚಿಕೊಂಡರೆ ಸಿಸ್ಟ್ ಮರಳಬಹುದು.

ಊದಿದ್ದನ್ನು ಮನೆಯಲ್ಲಿ ಹಿಸುಕಬೇಡಿ, ಪಿನ್ನಿನಿಂದ ಚುಚ್ಚಬೇಡಿ. ಈ ಭಾಗದ ರಕ್ತನಾಳಗಳು ಕಣ್ಣಿನ ಹಿಂದಿನ ನಾಳಗಳಿಗೆ ಕೂಡಿಕೊಂಡಿರುವುದರಿಂದ ಸೋಂಕು ಅತ್ತ ಹರಡಬಹುದು. ಜ್ವರ ಬಂದು, ಊತದ ಕೆಂಪು ಬಣ್ಣ ಕಣ್ಣಿನತ್ತ ಹಬ್ಬಿದರೆ ಅಂದೇ ಆಸ್ಪತ್ರೆಗೆ ಹೋಗಿ. ಹೊರತೆಗೆದ ಗಂಟನ್ನು ಬಯಾಪ್ಸಿಗೆ ಕಳಿಸಿದ್ದಾರೆಯೇ ಎಂದು ತಪ್ಪದೇ ಕೇಳಿ: ತುಟಿಯ ಸಣ್ಣ ಜೊಲ್ಲುಗ್ರಂಥಿಗಳ ಗಡ್ಡೆಯೂ ಇದೇ ಜಾಗದಲ್ಲಿ, ಇದೇ ರೂಪದಲ್ಲಿ ಏಳುವುದುಂಟು.

– ಕಿವಿ, ಮೂಗು, ಗಂಟಲು ತಜ್ಞರು, ದಾವಣಗೆರೆ