ಎಂಟು ಗಂಟೆಯ ಲೌರಾಗೆ ಒಂದು ಥ್ಯಾಂಕ್ಸ್

ನಿನ್ನೆ ರಿಸಲ್ಟ್ ಬಂತು. ಡಚ್ ಭಾಷೆಯ ಸರ್ಕಾರಿ ಪರೀಕ್ಷೆ, ಬಿ1 ಮಟ್ಟದ್ದು (ಅಂದರೆ ದಿನನಿತ್ಯದ ಮಾತು-ಬರಹಕ್ಕೆ ಸಾಕಾಗುವಷ್ಟು), ಪಾಸ್! ಓದೋದು, ಬರೆಯೋದು, ಕೇಳೋದು ಮೊದಲ ಸಲಕ್ಕೇ ಆಗಿತ್ತು. ಮಾತಾಡೋದರಲ್ಲಿ ಡುಮ್ಕಿ ಹೊಡೆದಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಕೇಳಿದ್ದಕ್ಕೆ ಮೈಕಿನಲ್ಲಿ ಉತ್ತರ ಹೇಳಬೇಕು. ಅಕ್ಕಪಕ್ಕದವರೆಲ್ಲ ಗಡಗಡ ಮಾತಾಡ್ತಿದ್ದರೆ ನನ್ನ ಬಾಯಿ ಒಣಗಿಹೋಗಿತ್ತು. ಈ ಸಲ ಒಣಗಲಿಲ್ಲ.

ಪಾಠದ ದಿನ ಅಡುಗೆ ಮಾಡಿದ ನಮ್ಮವರಿಗೆ, ಲೈಬ್ರರಿಯಲ್ಲಿ ನನ್ನ ಹರಕು ಡಚ್ ಕೇಳಿಯೂ ನಗದೆ ಕೂತವರಿಗೆ ಥ್ಯಾಂಕ್ಸ್. ಆದರೆ ನನಗೆ ನಿಜವಾಗಿ ಮಾತು ಕಲಿಸಿದವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ಅವರು ಟಿವಿ ನಟಿ, ಹೆಸರು ಯೆಟ್ಟೆ ಫಾನ್ ದೆರ್ ಮೈ.

ಇಲ್ಲಿ ನೆದರ್ಲೆಂಡ್ಸಿನಲ್ಲಿ ಆರ್‌ಟಿಎಲ್ 4 ಅನ್ನೋ ಚಾನೆಲ್ಲಿನಲ್ಲಿ ವಾರದ ದಿನಗಳಲ್ಲಿ ರಾತ್ರಿ ಎಂಟಕ್ಕೆ ‘ಖೂದೆ ತೈದನ್, ಸ್ಲೆಖ್ತೆ ತೈದನ್’ ಅಂತ ಸೀರಿಯಲ್ ಬರುತ್ತೆ. ಒಳ್ಳೇ ಕಾಲ, ಕೆಟ್ಟ ಕಾಲ. (ಆ ‘ಖ’ ಗಂಟಲ ತಳದಿಂದ ಬರಬೇಕು, ಕಫ ಕಟ್ಟಿದವರ ಹಾಗೆ.) 1990ರ ಅಕ್ಟೋಬರ್ 1ಕ್ಕೆ ಶುರುವಾದದ್ದು. ಮೊದಮೊದಲು ಆಸ್ಟ್ರೇಲಿಯಾದ ಸೀರಿಯಲ್ಲೊಂದರ ಕಥೆ, ಆಮೇಲೆ ಇವರದೇ ದಾರಿ. ನಡೆಯೋದು ಮೇರ್‌ದೈಕ್ ಅನ್ನೋ ಕಲ್ಪನೆಯ ಊರಲ್ಲಿ. ಆ ಊರಿನ ಲೌರಾ ಸೆಲ್ಮ್‌ಹಾರ್ಸ್ಟ್ ಪಾತ್ರ ಶುರುವಿನಿಂದಲೂ ಯೆಟ್ಟೆಯವರದೇ. ಜೊತೆಗೆ ಬಂದ ನಟ ಆಂಟನಿ ಕಾಮರ್ಲಿಂಗ್ ಕೆಲವೇ ವರ್ಷಕ್ಕೆ ಬಿಟ್ಟು ಸಿನಿಮಾ, ಹಾಡು ಅಂತ ಹೋದರು. ಆಮೇಲೆ ಬಂದ ನಟಿ ಕಾತ್ಯಾ ಸ್ಖೂರ್ಮನ್ ಕೂಡ ಹೆಸರಾದ ಮೇಲೆ ಹೊರಟರು. ಸೀರಿಯಲ್ ಅಂದರೆ ಹತ್ತಿಹೋಗೋ ಮೆಟ್ಟಿಲು, ತಪ್ಪೇನಿಲ್ಲ. ಯೆಟ್ಟೆ ಮಾತ್ರ ಅದೇ ಮೆಟ್ಟಿಲ ಮೇಲೆ 30 ವರ್ಷ ದಾಟಿಸಿದರು. ಒಂದೇ ಪಾತ್ರಕ್ಕೆ ಅಂಟಿಕೊಂಡರು ಅಂತ ಯಾರಾದರೂ ಮೂಗು ಮುರಿದರೆ ನನಗೆ ಸಿಟ್ಟು ಬರುತ್ತೆ. ಬಿಟ್ಟುಹೋಗಿದ್ದರೆ ನನಗೆಲ್ಲಿ ಸಿಗ್ತಿದ್ದರು?

ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್ವೇನಿಗೆ ಬಂದ ಮೊದಲ ಡಿಸೆಂಬರ್. ನಾಲ್ಕೂವರೆಗೇ ಕತ್ತಲೆ. ಮಾತಿಗೆ ಜನ ಇಲ್ಲ. ಬೆಳ್ಳುಳ್ಳಿ ಬಿಡಿಸುತ್ತಾ ಟಿವಿ ಹಾಕಿ, ಪರದೆ ಮೇಲೆ ಬರಹ ತೋರಿಸೋ ಟೆಲಿಟೆಕ್ಸ್ಟಿನಲ್ಲಿ 888 ಒತ್ತುತ್ತಿದ್ದೆ. ಕಿವಿ ಕೇಳದವರಿಗೆ ಅಂತ ಇರೋ ಡಚ್ ಸಬ್‌ಟೈಟಲ್ ಅದು. ಕೇಳಿದ್ದೂ ಡಚ್, ಓದಿದ್ದೂ ಡಚ್. ಪಾಠದ ಪುಸ್ತಕದಲ್ಲಿ ‘ನೇ’ ಅಂದರೆ ಇಲ್ಲ, ಅಷ್ಟೇ. ಲೌರಾ ಬಾಯಲ್ಲಿ ಅದು ‘ನೇ ಹೋರ್’. ಈ ‘ಹೋರ್’ ಏನು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಒಂದಿನ ಹೊಳೀತು: ನಮ್ಮ ‘ಇಲ್ಲ ಕಣ್ರೀ’ಯ ‘ಕಣ್ರೀ’! ಒಗ್ಗರಣೆ ಸೀದುಹೋಗೋವರೆಗೆ ನಕ್ಕಿದ್ದೆ. ಮಾರನೇ ದಿನ ಚೀಸ್ ಅಂಗಡಿಯವನು ‘ಇನ್ನೇನಾದರೂ ಬೇಕಾ’ ಅಂದಾಗ ‘ನೇ ಹೋರ್’ ಅಂದೆ. ಅವನು ಇಂಗ್ಲಿಷಿಗೆ ತಿರುಗಲಿಲ್ಲ.

ಪಕ್ಕದ್ಮನೆ ಅಜ್ಜಿ ಸಿಕ್ಕಿದ್ದೂ ಲೌರಾಳಿಂದಲೇ. ಮೊದಲ ಕಂತಿನಿಂದ ನೋಡಿದವರು. ಯಾರು ಯಾರನ್ನು ಕಟ್ಟಿಕೊಂಡರು, ಬಿಟ್ಟರು, ಎಲ್ಲ ಬಾಯಿಪಾಠ. ನಮ್ಮತ್ತೆ ಶಿವಮೊಗ್ಗದಿಂದ ಬಂದಾಗ ಇಬ್ಬರೂ ಸೋಫಾದಲ್ಲಿ ಅಕ್ಕಪಕ್ಕ ಕೂರ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಎರಡನೇ ದಿನವೇ ಅತ್ತೆ ಲೌರಾಳನ್ನು ತೋರಿಸಿ, “ಇವಳನ್ನ ನಂಬಬೇಡಿ” ಅಂದರು, ಕನ್ನಡದಲ್ಲೇ. ಅಜ್ಜಿ ಜೋರಾಗಿ ತಲೆಯಾಡಿಸಿದರು.

ಯೆಟ್ಟೆಯವರೇ, ದಾಂಕ್ ಯು ವೆಲ್.

ನಿನ್ನೆ ಓಡಿಹೋಗಿ ಅಜ್ಜಿಗೆ ರಿಸಲ್ಟ್ ಹೇಳಿದೆ. ಕೆನ್ನೆಗೆ ಮೂರು ಮುತ್ತು ಕೊಟ್ಟು, “ಸರಿ, ಕೂತ್ಕೋ. ಎಂಟಾಯ್ತು” ಅಂದರು.