ಬೊಲೊನ್ಯಾಗೆ ಹೊರಟ ಪುಟ್ಟಿಗೆ ಮಾವನ ಪತ್ರ

ಪುಟ್ಟಿ,

ನಿಮ್ಮಮ್ಮ ಫೋನ್ ಮಾಡಿದ್ಲು, ಅಲ್ಲಿ ಊಟಕ್ಕೇನು ಗತಿ, ನೀನಾದ್ರೂ ಇದ್ದು ಬಂದವ್ನು, ಒಂದಿಷ್ಟು ಬರೆದು ಕಳ್ಸು ಅಂತ. ಮೊದಲ್ನೇ ಮಾತು, ಅಲ್ಲಿ ಯಾರ ಹತ್ರಾನೂ ನಂಗೆ ಇಟಾಲಿಯನ್ ಫುಡ್ ಇಷ್ಟ ಅಂತ ಹೇಳ್ಬೇಡ, ಯಾವೂರಿಂದು ಅಂತ ಕೇಳ್ತಾರೆ. ಹುಬ್ಬಳ್ಳಿಯವ್ರ ಮುಂದೆ ಮುದ್ದೆ ಇಟ್ಟು ಇದೇ ಕರ್ನಾಟಕದ ಊಟ ಅಂದಂಗೆ ಆಗತ್ತೆ. ಇಟಲಿ ಅನ್ನೋ ರಾಜ್ಯ ಆಗಿದ್ದೇ 1861ರಲ್ಲಿ, ಅದಕ್ಕೂ ಮುಂಚೆ ಬೊಲೊನ್ಯಾದಲ್ಲಿ ಪೋಪ್ ಆಡಳಿತ, ನೇಪಲ್ಸಲ್ಲಿ ಬೇರೆ ರಾಜ, ಮಿಲಾನಲ್ಲಿ ಆಸ್ಟ್ರಿಯಾದವ್ರು, ಹಿಂಗಾಗಿ ಬಾವುಟ ಒಂದಾದ್ಮೇಲೂ ಅಡುಗೆ ಊರೂರಿಗೆ ಬೇರೆಬೇರೇನೇ ಉಳ್ಕೊಂಡ್ತು.

ಇಲ್ಲಿ ಮೆನುನಲ್ಲಿ ಸ್ಪಗೆಟ್ಟಿ ಬೊಲೊನೀಸ್ ಅಂತ ಇರತ್ತಲ್ಲ, ಬೊಲೊನ್ಯಾದವ್ರು ಅದನ್ನ ನಮ್ದು ಅಂತ ಒಪ್ಪಲ್ಲ. ಅವ್ರ ಮಾಂಸದ ಸಾಸು, ರಾಗು ಅಂತಾರೆ, ಅದು ಮೊಟ್ಟೆ ಹಾಕಿ ಲಟ್ಟಿಸಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿದ ತಾಲ್ಯತೆಲ್ಲೆ ಅನ್ನೋ ಪಾಸ್ತಾ ಜೊತೆಗೇ ಆಗ್ಬೇಕು. 1972ರಲ್ಲಿ ಚಿನ್ನದ್ದೊಂದು ತಾಲ್ಯತೆಲ್ಲೆ ಮಾಡ್ಸಿ ಊರಿನ ಚೇಂಬರ್ ಆಫ್ ಕಾಮರ್ಸಲ್ಲಿ ಇಟ್ಬಿಟ್ರು, ಬೆಂದ ಮೇಲೆ ಅಗಲ 8 ಮಿಲಿಮೀಟರ್ ಇರ್ಬೇಕು ಅಂತ. 1982ರಲ್ಲಿ ರಾಗು ರೆಸಿಪಿನೂ ಅಲ್ಲೇ ರಿಜಿಸ್ಟರ್ ಆಯ್ತು. ನಂಗೇನೋ ಇದು ಅತಿ ಅನ್ಸತ್ತೆ, ಮನೇಲಿ ಲಟ್ಟಿಸೋ ಅಜ್ಜಿ ಸ್ಕೇಲ್ ಹಿಡ್ಕೊಂಡು ಕೂತಿರ್ತಾಳಾ? ಆದ್ರೆ ಅವ್ರ ಎದುರಿಗೆ ನಗ್ಬೇಡ. ಒಳಗೆ ಮಾಂಸ ತುಂಬಿ ಮಡಚಿದ ಪುಟ್ಟ ಪಾಸ್ತಾ, ತೊರ್ತೆಲ್ಲಿನಿ, ಹುಟ್ಟಿದ್ದು ಬೊಲೊನ್ಯಾದಲ್ಲೋ ಮೊಡೆನಾದಲ್ಲೋ ಅಂತ ನಮ್ಮ ಫ್ಯಾಕ್ಟರಿ ಕ್ಯಾಂಟೀನಲ್ಲಿ ದೊಡ್ಡ ದೊಡ್ಡವ್ರೇ ಕಿತ್ತಾಡೋರು, ಎರಡೂರ ಮಧ್ಯೆ ಮೂವತ್ನಾಲ್ವತ್ತು ಕಿಲೋಮೀಟರ್ ಅಷ್ಟೇ.

ರಜೆ ಸಿಕ್ಕಾಗ ದಕ್ಷಿಣಕ್ಕೂ ಹೋಗು. ಅಲ್ಲಿ ಬೆಣ್ಣೆ ಕಡಿಮೆ, ಆಲಿವ್ ಎಣ್ಣೆ ಜಾಸ್ತಿ, ಪಾಸ್ತಾಗೆ ಸಾಮಾನ್ಯವಾಗಿ ಮೊಟ್ಟೆ ಇಲ್ಲ, ಗಟ್ಟಿ ಗೋಧಿ ರವೆ ಮತ್ತೆ ನೀರು. ಬಾರಿ ಊರಿನ ಹಳೇ ಓಣೀಲಿ ಹೆಂಗಸರು ಬಾಗಿಲ ಮುಂದೆನೇ ಟೇಬಲ್ ಹಾಕ್ಕೊಂಡು ಒರೆಕ್ಕಿಯೆತ್ತೆ ಅನ್ನೋ ಕಿವಿ ಆಕಾರದ ಪಾಸ್ತಾ ಒತ್ತುತಾ ಇರ್ತಾರೆ. ಸಿಸಿಲಿಯ ತ್ರಾಪಾನಿಯಲ್ಲಿ ಮೀನಿನ ಸಾರಿಗೆ ಕುಸ್‌ಕುಸ್, ಅಂದ್ರೆ ಉತ್ತರ ಆಫ್ರಿಕಾದವ್ರು ತಿನ್ನೋ ಬೇಯಿಸಿದ ಗೋಧಿ ರವೆ, ಸಮುದ್ರದ ಆಚೆಗೇ ಟುನೀಶಿಯಾ ಅಲ್ವಾ, ಅರಬ್ಬರು ಆಳಿದ್ದ ಜಾಗ ಬೇರೆ. ಟಸ್ಕನೀಲಿ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಒಣಗಿದ್ದನ್ನ ಎಸೀದೆ ಸೊಪ್ಪು ಬೀನ್ಸ್ ಜೊತೆ ಕುದಿಸಿ ರಿಬೊಲ್ಲಿತಾ ಮಾಡ್ತಾರೆ. ಬಡವರ ಊಟ ಅದು, ಈಗ ಟೂರಿಸ್ಟ್ ಹೋಟ್ಲಲ್ಲಿ ಅದಕ್ಕೆ ಕೇಳೋ ರೇಟ್ ನೋಡಿದ್ರೆ ಸಿಟ್ಟು ಬರತ್ತೆ.

ಇನ್ನು ನೀನು ಸಸ್ಯಾಹಾರಿ ಅಂತ ಬೇರೆ. ಪಾರ್ಮಿಜಾನೋ ಚೀಸನ್ನ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸೋ ರೆನೆಟ್ ಹಾಕಿನೇ ಮಾಡ್ಬೇಕು ಅಂತ ಅವ್ರ ರೂಲು, ತಿಂತೀಯೋ ಬಿಡ್ತೀಯೋ ಯೋಚ್ನೆ ಮಾಡು. ಪಿಯಾದೀನಾ ಥೇಟ್ ಚಪಾತಿ ಥರಾನೇ ಕಾಣತ್ತೆ, ಆದ್ರೆ ಹಂದಿ ಕೊಬ್ಬು ಹಾಕಿರ್ತಾರೆ, ಆಲಿವ್ ಎಣ್ಣೇದೂ ಸಿಗತ್ತೆ, ಕೇಳಿ ತಗೋ. ಒಂದು ತಮಾಷೆ ಏನಂದ್ರೆ ಅಷ್ಟೊಂದು ಹೆಮ್ಮೆ ಪಡೋ ಆ ಚೀಸಿಗೆ ಹಾಲು ಬರೋ ಕೊಟ್ಟಿಗೆಗಳಲ್ಲಿ ಕೆಲಸ ಮಾಡೋರು ತುಂಬಾ ಜನ ನಮ್ಮ ಪಂಜಾಬಿಗಳು. ನೊವೆಲ್ಲಾರಾ ಅಂತ ಊರಿದೆ, ನಿಂಗೇನು ದೂರ ಅಲ್ಲ, ಅಲ್ಲಿ ಅವ್ರದ್ದು ದೊಡ್ಡ ಗುರುದ್ವಾರ ಇದೆ. ಪಾಸ್ತಾ ಸಾಕಾಗಿ ಬೇಳೆ ರೊಟ್ಟಿ ನೆನಪಾದ್ರೆ ಒಂದು ಭಾನುವಾರ ಲಂಗರಿಗೆ ಹೋಗಿ ಬಾ, ತಲೆಗೆ ದುಪಟ್ಟಾ ತಗೊಂಡು ಹೋಗೋದು ಮರೀಬೇಡ.

ನಿನ್ನ ಸೋದರಮಾವ