ಕಚೇರಿಗಳಿಗಿರುವ ಬಿಸಿಲಿನ ವೇಳಾಪಟ್ಟಿ ಇಡೀ ಊರಿಗೂ ಇರಲಿ: ವಿಜಯಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ವಿಜಯಪುರ

ವಿಷಯ: ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸಾರ್ವಜನಿಕ ಕಾರ್ಯಕ್ರಮಗಳ ವೇಳೆ, ಕುಡಿಯುವ ನೀರು, ನೆರಳು ಹಾಗೂ ಮಕ್ಕಳ ಸುರಕ್ಷತೆ ಕುರಿತು.

ಮಾನ್ಯರೇ,

ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ನಮ್ಮ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿ ಹಲವು ವರ್ಷಗಳಿಂದ ನಡೆದು ಬಂದಿದೆ. ಅದನ್ನು ಆಕ್ಷೇಪಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಈ ಎರಡು ತಿಂಗಳ ಮಧ್ಯಾಹ್ನ ಮನುಷ್ಯರು ದುಡಿಯುವಂಥದ್ದಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿರುವುದಕ್ಕೆ ಆ ಆದೇಶ ಸಾಕ್ಷಿ, ಮತ್ತು ಅದು ಸರಿಯಾದ ಮಾತು. ನನ್ನ ಬೇಡಿಕೆ ಒಂದೇ: ಫ್ಯಾನಿನ ಕೆಳಗೆ ಕುಳಿತು ಕೆಲಸ ಮಾಡುವವರಿಗೆ ಅನ್ವಯಿಸಿದ ಈ ತಿಳಿವಳಿಕೆಯನ್ನು ತಲೆಯ ಮೇಲೆ ಸೂರಿಲ್ಲದೆ ನಿಲ್ಲುವವರಿಗೂ ಅನ್ವಯಿಸಬೇಕು.

ತಮಗೇ ಬರೆಯುವುದಕ್ಕೆ ಕಾರಣವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಬಿಸಿಲಿನ ವಿಷಯ ಒಂದು ಇಲಾಖೆಗೆ ಸೇರಿದ್ದಲ್ಲ. ನೀರು ಒಬ್ಬರ ಕೈಯಲ್ಲಿದೆ, ಆಸ್ಪತ್ರೆ ಇನ್ನೊಬ್ಬರ ಕೈಯಲ್ಲಿದೆ, ಮೆರವಣಿಗೆಗೆ ಅನುಮತಿ ಮತ್ತೊಬ್ಬರ ಕೈಯಲ್ಲಿದೆ, ಕಾಲುವೆ ಮಗದೊಬ್ಬರದು. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಒಂದೇ ಆದೇಶ ಹೊರಡಿಸಲು ಸಾಧ್ಯವಿರುವುದು ತಮಗೆ ಮಾತ್ರ.

ನಾನು ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ಸಣ್ಣದೊಂದು ಔಷಧ ಅಂಗಡಿ ನಡೆಸುತ್ತೇನೆ. ಏಪ್ರಿಲ್ ಎರಡನೆಯ ವಾರದಿಂದ ಮಧ್ಯಾಹ್ನ ಹನ್ನೆರಡರ ಮೇಲೆ ನನ್ನ ಕಟ್ಟೆಗೆ ಬಂದು ನಿಲ್ಲುವವರ ಮಾತು ಬಹುತೇಕ ಒಂದೇ ಆಗಿರುತ್ತದೆ: “ತಲಿ ತಿರಗಾಕತ್ತದ್ರಿ, ಒಂದು ಗುಳಿಗಿ ಕೊಡ್ರಿ.” ಸಿಂದಗಿಯಿಂದಲೋ ಚಡಚಣದಿಂದಲೋ ಮುಂಜಾನೆ ಬಸ್ಸು ಹತ್ತಿ ಬಂದ ಅವರಿಗೆ ಬೇಕಾಗಿರುವುದು ಗುಳಿಗೆಯಲ್ಲ, ಒಂದು ಚೊಂಬು ನೀರು ಮತ್ತು ಅರ್ಧ ಗಂಟೆಯ ನೆರಳು. ಓಆರ್‌ಎಸ್ ಪೊಟ್ಟಣ ಕೊಟ್ಟರೆ ಕೆಲವರು ಅದನ್ನು ಪೂರ್ತಿಯಾಗಿ ಒಂದೇ ಲೋಟ ನೀರಿಗೆ ಸುರಿದು, ಕದಡಿ, ಮುಖ ಕಿವುಚಿಕೊಂಡು ಕುಡಿದುಬಿಡುತ್ತಾರೆ. ಒಂದು ಲೀಟರಿನ ಪೊಟ್ಟಣಕ್ಕೆ ಒಂದು ಲೀಟರ್ ನೀರೇ ಬೇಕು. ಉಪ್ಪು ಗಟ್ಟಿಯಾದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮೈ ಕೆಂಡದಂತೆ ಕಾದು ಮಾತು ತಡವರಿಸತೊಡಗಿದ ಮೇಲೆ, ಅಂದರೆ ದೇಹದ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಅದು ಬಿಸಿಲಾಘಾತವಾದ ಮೇಲೆ, ಜ್ವರದ ಮಾತ್ರೆಯಿಂದ ಏನೂ ಆಗುವುದಿಲ್ಲ ಎಂಬುದೂ ಬಹಳ ಜನರಿಗೆ ತಿಳಿಯದು. ಆಗ 108ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು; ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಈ ನಾಲ್ಕು ಮಾತುಗಳನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಪ್ರತಿ ಬಸ್ ನಿಲ್ದಾಣ, ಪ್ರತಿ ನ್ಯಾಯಬೆಲೆ ಅಂಗಡಿ ಮತ್ತು ಪ್ರತಿ ಔಷಧ ಅಂಗಡಿಯ ಗೋಡೆಗೆ ಬರೆಸಬೇಕೆಂದು ಕೋರುತ್ತೇನೆ. ನನ್ನ ಗೋಡೆಯ ಮೇಲೆ ನಾನೇ ಬರೆಸಿದ್ದೇನೆ.

ಇನ್ನು ಈ ಪತ್ರ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ಮೂರು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಮ್ಮ ಸೋದರತ್ತೆಯನ್ನು ಒಂದು ಸಾರ್ವಜನಿಕ ಸಮಾರಂಭಕ್ಕೆ ಕರೆದುಕೊಂಡು ಹೋಗಿದ್ದೆವು. ಬೆಳಿಗ್ಗೆ ಹತ್ತಕ್ಕೆ ಎಂದು ಆಮಂತ್ರಣದಲ್ಲಿದ್ದ ಕಾರ್ಯಕ್ರಮ, ಅತಿಥಿಗಳು ಬರುವುದು ತಡವಾದ್ದರಿಂದ, ಹನ್ನೆರಡೂವರೆಗೆ ಆರಂಭವಾಯಿತು. ಪೆಂಡಾಲಿನ ಮೇಲೆ ತಗಡು ಹೊದಿಸಿದ್ದರು; ಕೆಳಗೆ ಕುಳಿತವರಿಗೆ ಅದು ಕಾದ ಹಂಚಿನ ಹಾಗೆ ಝಳ ಹೊಡೆಯುತ್ತಿತ್ತು. ನೀರಿನ ಕ್ಯಾನುಗಳು ವೇದಿಕೆಯ ಬದಿಯಲ್ಲಿದ್ದವು, ಹೆಂಗಸರ ಸಾಲಿನಿಂದ ಎದ್ದು ಅಲ್ಲಿಯವರೆಗೆ ಹೋಗಲು ದಾರಿ ಇರಲಿಲ್ಲ. ಅತ್ತೆ ಅಷ್ಟು ಹೊತ್ತೂ ಸೆರಗಿನ ತುದಿಯಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದರು. ಯಾವುದೋ ಒಂದು ಗಳಿಗೆಯಲ್ಲಿ ಆ ಕೈ ನಿಂತಿತು. ಬೆವರು ಆರಿತ್ತು. ಪಕ್ಕದಲ್ಲೇ ಕುಳಿತಿದ್ದ ನಾನು, ದಿನವೂ ಊರಿಗೆಲ್ಲ ಇದೇ ಲಕ್ಷಣ ಹೇಳುವವನು, ಅದನ್ನು ಗಮನಿಸುವ ಹೊತ್ತಿಗೆ ಅವರು ನನ್ನ ಹೆಗಲಿಗೆ ವಾಲಿದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಅವರು ಮನೆಗೆ ಬಂದರು. ಆದರೆ ಅಂದು ಆ ಪೆಂಡಾಲಿನಲ್ಲಿ ಕುಸಿದವರು ಅವರೊಬ್ಬರೇ ಆಗಿರಲಿಲ್ಲ.

ನೆರೆಯ ಮಹಾರಾಷ್ಟ್ರದಲ್ಲಿ ಇದಕ್ಕಿಂತ ಘೋರವಾದದ್ದು ನಡೆದುಹೋಗಿದೆ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ತೆರೆದ ಮೈದಾನದಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭದಲ್ಲಿ ಗಂಟೆಗಟ್ಟಲೆ ಬಿಸಿಲಿನಲ್ಲಿ ಕುಳಿತಿದ್ದ ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದು ಕರಾವಳಿ ಭಾಗದ ಊರು. 40 ಡಿಗ್ರಿ ದಾಟುವುದು ಬೇಸಿಗೆಯ ವಾಡಿಕೆಯೇ ಆಗಿರುವ ನಮ್ಮ ಬಯಲು ಸೀಮೆಯಲ್ಲಿ ಅಂಥದ್ದು ನಡೆಯುವವರೆಗೆ ಕಾಯಬೇಕಾಗಿಲ್ಲ.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಇದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಯಾವ ಸಾರ್ವಜನಿಕ ಸಭೆಗೂ, ಮೆರವಣಿಗೆಗೂ ಅನುಮತಿ ಕೊಡಬಾರದು; ಮಿಕ್ಕ ವೇಳೆಯಲ್ಲಿ ಕೊಡುವ ಅನುಮತಿ ಪತ್ರದಲ್ಲೇ ನೀರು, ನೆರಳು, ಓಆರ್‌ಎಸ್ ಮತ್ತು ಒಬ್ಬ ಆರೋಗ್ಯ ಸಿಬ್ಬಂದಿ ಇರಬೇಕೆಂಬ ಷರತ್ತನ್ನು ಬರೆದು, ಹೇಳಿದ ವೇಳೆಗೆ ಕಾರ್ಯಕ್ರಮ ಆರಂಭಿಸುವ ಹೊಣೆಯನ್ನು ಸಂಘಟಕರ ಸಹಿಯೊಂದಿಗೆ ಪಡೆಯಬೇಕು. ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿ ಬರುತ್ತದೆ, ಅಕ್ಷಯ ತೃತೀಯಾದಂದು ಬಸವ ಜಯಂತಿ ಬರುತ್ತದೆ. ಬಸವನ ಬಾಗೇವಾಡಿ ಇರುವ ಜಿಲ್ಲೆ ಇದು. ಜಯಂತಿಯ ಮೆರವಣಿಗೆ ನಮಗೆ ಅಭಿಮಾನದ ವಿಷಯ. ಎರಡೂ ಜಯಂತಿಗಳು ಬರುವುದು ನಡು ಬೇಸಿಗೆಯಲ್ಲೇ. ಪೂಜೆ, ಮಾಲಾರ್ಪಣೆಗಳು ಬೆಳಗಿನ ತಂಪಿನಲ್ಲಿ ಮುಗಿದು ಮೆರವಣಿಗೆ ಸಂಜೆ ಐದರ ಮೇಲೆ ಹೊರಟರೆ ಅದರಲ್ಲಿ ಮುದುಕರೂ, ಎಳೆಮಕ್ಕಳ ತಾಯಂದಿರೂ ಹೆಜ್ಜೆ ಹಾಕಬಹುದು. ಮದುವೆಯ ಮುಹೂರ್ತವನ್ನು ತಾವು ಬದಲಿಸಲಾರಿರಿ ಎಂದು ಬಲ್ಲೆ. ಮಂಗಲ ಕಾರ್ಯಾಲಯಗಳವರಿಗೆ ಒಂದು ಸಲಹೆಯನ್ನಾದರೂ ಕಳುಹಿಸಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗಾಗಿ 1965ರಲ್ಲಿಯೇ ರೂಪಿಸಿದ ಕೇಂದ್ರದ ನಿಯಮಗಳ ಪ್ರಕಾರ, ತಾಪಮಾನ 37 ಡಿಗ್ರಿ ದಾಟುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು, ಕೋಣಗಳನ್ನು ಬಂಡಿಗೆ ಹೂಡುವಂತಿಲ್ಲ. ಆ ನಿಯಮ ಬರೆದವರ ಕರುಣೆ ದೊಡ್ಡದು. ಅದೇ ಬಂಡಿಗೆ ಮೂಟೆ ಏರಿಸುವ ಹಮಾಲರಿಗೂ, ರಸ್ತೆ ಗುಡಿಸುವ ಪೌರಕಾರ್ಮಿಕರಿಗೂ, ತಿಕೋಟಾ, ಬಬಲೇಶ್ವರ ಕಡೆಯ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳಿಗೂ ಆ ಮೂರು ಗಂಟೆಗಳ ಬಿಡುವನ್ನು ಕೂಲಿ ಕಡಿತವಿಲ್ಲದೆ ಕೊಡಿಸಲು, ಬೆಳಿಗ್ಗೆ ಬೇಗ ಕೆಲಸ ಆರಂಭಿಸುವ ವ್ಯವಸ್ಥೆಗೆ ಮಾಲೀಕರನ್ನೂ ಗುತ್ತಿಗೆದಾರರನ್ನೂ ಒಪ್ಪಿಸಲು ತಾವು ಮುಂದಾಗಬೇಕು.

ಎರಡನೆಯದು ನೀರು. ಈ ಊರಿಗೆ ನೀರಿನ ವಿವೇಕವನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಆದಿಲ್‌ಶಾಹಿ ಅರಸರ ಕಾಲದಲ್ಲಿ, 1620ರಲ್ಲಿ ತಾಜ್ ಬಾವಡಿ ಎಂಬ ದೊಡ್ಡ ಬಾವಿ ಕಟ್ಟಿದರು, 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ಕಟ್ಟಿದರು. ತೊರವಿ ಮತ್ತು ಬೇಗಂ ತಲಾಬಿನ ನೀರನ್ನು ನೆಲದೊಳಗಿನ ಕೊಳವೆಗಳಲ್ಲಿ ಹರಿಸಿ, ನಡುನಡುವೆ ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿ ಅದರ ಒತ್ತಡವನ್ನು ಹದಗೊಳಿಸಿ ಊರಿಗೆ ತಲುಪಿಸಿದರು. ಆ ಗಂಜ್‌ಗಳಲ್ಲಿ ಕೆಲವು ಇಂದಿಗೂ ರಸ್ತೆಯ ಬದಿಯಲ್ಲಿ ನಿಂತಿವೆ. ಅಂಥ ಊರಿನಲ್ಲಿ ಇಂದು ದಾರಿಹೋಕರು ಬಾಯಾರಿದರೆ ದುಡ್ಡು ಕೊಟ್ಟು ಬಾಟಲಿ ಕೊಳ್ಳಬೇಕಾಗಿರುವುದು ನೋವಿನ ಸಂಗತಿ. ಯುಗಾದಿಯ ಸುಮಾರಿಗೆ ಅನೇಕ ಸಂಘಗಳವರು, ವ್ಯಾಪಾರಿಗಳು ಅರವಟ್ಟಿಗೆ ಇಡುತ್ತಾರೆ. ಆ ಪುಣ್ಯವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಆದರೆ ಅರವಟ್ಟಿಗೆಯ ಕೆಲಸವಿರುವುದು ಅದನ್ನು ದಿನವೂ ತುಂಬುವುದರಲ್ಲಿ. ಮೂರನೆಯ ವಾರಕ್ಕೆ ರಾಂಜಣದ, ಅಂದರೆ ನೀರಿನ ದೊಡ್ಡ ಮಡಕೆಯ, ತಳದಲ್ಲಿ ನಾಲ್ಕು ಬೆರಳು ನೀರು, ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಧೂಳು, ಸರಪಳಿಗೆ ಕಟ್ಟಿದ ಲೋಟ ಮಾತ್ರ ಉಳಿದಿರುವುದನ್ನು ನಾನು ಕಂಡಿದ್ದೇನೆ. ಗಾಂಧಿ ಚೌಕ, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ, ರೈಲು ನಿಲ್ದಾಣದ ರಸ್ತೆ, ಎಪಿಎಂಸಿ, ಜಿಲ್ಲಾ ಆಸ್ಪತ್ರೆಯ ಮುಂಭಾಗ, ಹೀಗೆ ಜನ ನಿಲ್ಲುವ ಕಡೆಗಳನ್ನು ಗುರುತಿಸಿ, ಪ್ರತಿ ಅರವಟ್ಟಿಗೆಗೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೀರು ತುಂಬುವ ಹೊಣೆ ಯಾರದೆಂದು ಅಲ್ಲೇ ಫಲಕದಲ್ಲಿ ಬರೆಸಿದರೆ ಸಾಕು. ಲಿಂಬೆಗೆ ಹೆಸರಾದ ಇಂಡಿ ನಮ್ಮ ಪಕ್ಕದಲ್ಲೇ ಇದೆ. ವಾರಕ್ಕೊಂದು ದಿನವಾದರೂ ಉಪ್ಪು, ಸಕ್ಕರೆ ಬೆರೆಸಿದ ಲಿಂಬೆ ಪಾನಕ ಕೊಡುವ ಮನಸ್ಸಿನವರು ಊರಿನಲ್ಲಿ ಕಡಿಮೆ ಇಲ್ಲ. ಟ್ಯಾಂಕರ್ ನೀರು ಹೋಗುವ ಬಡಾವಣೆಗಳಿಗೂ ಹಳ್ಳಿಗಳಿಗೂ ಅದು ಬೆಳಿಗ್ಗೆ 9ರ ಒಳಗೆ ಅಥವಾ ಸಂಜೆ 5ರ ಮೇಲೆ ತಲುಪುವಂತಾದರೆ ಕೊಡಗಳ ಸಾಲಿನಲ್ಲಿ ಹೆಂಗಸರು ಮಟಮಟ ಮಧ್ಯಾಹ್ನ ನಿಲ್ಲುವುದು ತಪ್ಪುತ್ತದೆ.

ಕಚೇರಿಗಳ ಬೇಸಿಗೆ ವೇಳೆಯಿಂದ ಹಳ್ಳಿಯವರಿಗೆ ಆಗುವ ಒಂದು ತೊಂದರೆಯೂ ಇದೆ. ವೇಳೆ ಬದಲಾದ ಸುದ್ದಿ ತಿಳಿಯದೆ ಬಂದವರು ಬಾಗಿಲು ಹಾಕಿದ ಮೇಲೆ ತಲುಪಿ, ಮುಂದಿನ ಬಸ್ಸಿಗಾಗಿ ಸುಡುಬಿಸಿಲಿನಲ್ಲಿ ಕಾಯುತ್ತಾರೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಡಂಗುರ ಸಾರಿಸಿ, ಬಸ್ಸುಗಳಲ್ಲಿ ಚೀಟಿ ಅಂಟಿಸಿ ಈ ವೇಳೆಯನ್ನು ತಿಳಿಸುವುದು ಖರ್ಚಿನ ಕೆಲಸವೇನಲ್ಲ.

ಮಕ್ಕಳ ವಿಷಯ ಬರೆಯುವಾಗ ಕೈ ತಡೆಯುತ್ತದೆ. ಶಾಲೆಗೆ ರಜೆ ಕೊಟ್ಟ ಮೇಲೆ ಹುಡುಗರು ನೀರನ್ನು ಹುಡುಕಿಕೊಂಡು ಹೋಗುವುದು ಸಹಜ; ಕಾಲುವೆ, ಕೃಷಿ ಹೊಂಡ, ಕೈಬಿಟ್ಟ ಕಲ್ಲಿನ ಖಣಿ, ಹಾಳು ಬಾವಿ, ಎಲ್ಲಿ ನೀರಿದೆಯೋ ಅಲ್ಲಿಗೆ. ಕಾಂಕ್ರೀಟ್ ಹಾಕಿದ ಕಾಲುವೆಯ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ಚೆನ್ನಾಗಿ ಈಜು ಬಲ್ಲವರೂ ಮೇಲೆ ಹತ್ತಲಾರರು. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬನೂ ಮುಳುಗುವುದು ಇದೇ ಕಾರಣಕ್ಕೆ. ಊರ ಹತ್ತಿರ ಹಾದುಹೋಗುವ ಕಾಲುವೆಗಳಲ್ಲಿ ಅಲ್ಲಲ್ಲಿ ಹಿಡಿದು ಹತ್ತಲು ಕಬ್ಬಿಣದ ಮೆಟ್ಟಿಲು, ದಡದಲ್ಲಿ ಗೂಟಕ್ಕೆ ಕಟ್ಟಿದ ಉದ್ದದ ಹಗ್ಗ ಇರಬೇಕು. ನೀರಿಗೆ ತಾನೂ ಹಾರದೆ ಹಗ್ಗ, ಧೋತರ, ಸೀರೆ ಏನಾದರೊಂದನ್ನು ಎಸೆದು ಎಳೆಯಬೇಕೆಂಬ ಪಾಠ ಪರೀಕ್ಷೆ ಮುಗಿಯುವ ವಾರವೇ ಪ್ರತಿ ಶಾಲೆಯಲ್ಲಿ ಆಗಬೇಕು. 2024ರ ಏಪ್ರಿಲ್ ಮೊದಲ ವಾರದಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎಳೆಯ ಮಗುವನ್ನು ರಕ್ಷಣಾ ಸಿಬ್ಬಂದಿ ರಾತ್ರಿ ಹಗಲು ಅಗೆದು ಜೀವಂತ ಹೊರತೆಗೆದಾಗ ಇಡೀ ಜಿಲ್ಲೆ ಕಣ್ಣೀರಿಟ್ಟು ಸಂತೋಷಪಟ್ಟಿತು. ಬೇಸಿಗೆಯಲ್ಲೇ ಹೊಸ ಕೊಳವೆಬಾವಿಗಳನ್ನು ಹೆಚ್ಚಾಗಿ ಕೊರೆಯುತ್ತಾರೆ. ನೀರು ಬೀಳದ ಪ್ರತಿಯೊಂದರ ಬಾಯಿಯನ್ನೂ ಯಂತ್ರ ಹೊಲದಿಂದ ಹೊರಡುವ ಮೊದಲೇ ಮುಚ್ಚಿಸಿ, ಅದರ ಫೋಟೋವನ್ನು ಪಂಚಾಯಿತಿಗೆ ಸಲ್ಲಿಸಬೇಕೆಂದು ಕಟ್ಟುನಿಟ್ಟು ಮಾಡಬೇಕು.

ತಗಡಿನ ಶೆಡ್ಡುಗಳಲ್ಲಿ ವಾಸಿಸುವವರಿಗೆ ರಾತ್ರಿಯೂ ತಂಪಿಲ್ಲ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳು ಈಗ ಕಡಿಮೆಯಾಗಿವೆ. 2010ರ ಬಿಸಿಗಾಳಿಯಲ್ಲಿ ಬಹಳ ಜೀವಗಳನ್ನು ಕಳೆದುಕೊಂಡ ಅಹಮದಾಬಾದ್ ನಗರ 2013ರಲ್ಲಿ ಬಿಸಿಲು ಎದುರಿಸುವ ಯೋಜನೆಯೊಂದನ್ನು ರೂಪಿಸಿತು. ಮುಂದೆ ಬಡವರ ಮನೆಗಳ ಸೂರಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ಸುಣ್ಣ ನಮಗೆ ಹೊಸದಲ್ಲ. ಆಶಾ ಕಾರ್ಯಕರ್ತೆಯರ ಬಳಿ ಒಂಟಿಯಾಗಿರುವ ವೃದ್ಧರ ಪಟ್ಟಿ ಇದ್ದು, ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಆ ಮನೆಗಳ ಬಾಗಿಲನ್ನು ಯಾರಾದರೂ ಒಮ್ಮೆ ತಟ್ಟುವಂತಾಗಲಿ. ಆ ಹೆಚ್ಚಿನ ಕೆಲಸಕ್ಕೆ ಅವರಿಗೆ ಭತ್ಯೆಯೂ ಸಿಗಲಿ.

ಹಗಲನ್ನು ಮುಚ್ಚಿಕೊಂಡರೆ ಸಂಜೆಯನ್ನು ತೆರೆಯಬೇಕಾಗುತ್ತದೆ. ಉದ್ಯಾನಗಳು ರಾತ್ರಿ 9ರವರೆಗೆ ದೀಪ ಮತ್ತು ಕಾವಲಿನೊಂದಿಗೆ ತೆರೆದಿರಲಿ. ಮಕ್ಕಳ ಬೇಸಿಗೆ ಶಿಬಿರಗಳು ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ಕಂದಗಲ್ ಹನುಮಂತರಾಯ ರಂಗಮಂದಿರದಲ್ಲಿ ವಾರಾಂತ್ಯದ ಸಂಜೆಗಳಲ್ಲಿ ನಾಟಕವೋ, ತತ್ವಪದ, ಭಜನೆಯೋ ನಡೆಯಲಿ. ಬಿಸಿಲಿನಿಂದ ದಿನವೆಲ್ಲ ಮನೆಯೊಳಗೆ ಕುಳಿತ ವಯಸ್ಸಾದವರಿಗೆ ನಾಲ್ಕು ಜನರ ಮುಖ ನೋಡುವುದೂ ಆರೋಗ್ಯವೇ.

ಯುಗಾದಿಗೆ ಮೊದಲು ಇಲಾಖೆಗಳ ಅಧಿಕಾರಿಗಳ ಜೊತೆಗೆ ಹಮಾಲರು, ಬೀದಿ ವ್ಯಾಪಾರಿಗಳು, ಪೌರಕಾರ್ಮಿಕರು, ಜಯಂತಿ ಸಮಿತಿಗಳವರು ಮತ್ತು ಔಷಧ ವ್ಯಾಪಾರಿಗಳನ್ನೂ ಸೇರಿಸಿ ತಾವು ಒಂದು ಸಭೆ ಕರೆಯಬೇಕೆಂದು ವಿನಂತಿಸುತ್ತೇನೆ. ನನ್ನ ಅಂಗಡಿಯ ಮುಂದೆ ಬೇವಿನ ಮರದ ಕೆಳಗೆ ಎರಡು ರಾಂಜಣ ಇಡುವಷ್ಟು ಜಾಗವಿದೆ. ಅವುಗಳನ್ನು ಮೇ 31ರವರೆಗೆ ದಿನಕ್ಕೆರಡು ಸಲ ತುಂಬುವ ಹೊಣೆ ನನ್ನದು. ಆ ಫಲಕದಲ್ಲಿ ನನ್ನ ಹೆಸರನ್ನೇ ಬರೆಸಬಹುದು.

ತಮ್ಮ ವಿಶ್ವಾಸಿ,
ವಿಜಯಪುರದ ಒಬ್ಬ ಔಷಧ ವ್ಯಾಪಾರಿ